ಕೆಳಗೆ ರುಜು ಹಾಕಿ

ಬ್ಯಾಂಕಿನ ಸಾಲಪತ್ರ, ಬಾಡಿಗೆ ಕರಾರು, ಮದುವೆ ಛತ್ರದ ಷರತ್ತು, ಒಂದನ್ನೂ ಓದದೆ ರುಜು ಹಾಕುತ್ತಲೇ ಅರವತ್ತು ಮುಟ್ಟಿದವನು ನಾನು. ಕೊಲೊನೊಸ್ಕೋಪಿಯ ಒಪ್ಪಿಗೆ ಪತ್ರವನ್ನು ಮಾತ್ರ ಅಕ್ಷರ ಬಿಡದೆ ಓದಿದೆ. ಓದಬಾರದಿತ್ತು. ಕರುಳಿಗೆ ತೂತು ಬೀಳಬಹುದು, ರಕ್ತಸ್ರಾವ ಆಗಬಹುದು, ಮಂಪರಿನ ಔಷಧಿಗೆ ಬಿ.ಪಿ. ಇಳಿಯಬಹುದು, ಉಸಿರಾಟ ಕುಗ್ಗಬಹುದು, ತುರ್ತಾಗಿ ಹೊಟ್ಟೆ ಕೊಯ್ಯಬೇಕಾಗಬಹುದು. 'ಬಹುದು' ಅನ್ನುವುದಕ್ಕೆ ಇಷ್ಟು ಹಲ್ಲುಗಳಿವೆಯೆಂದು ವ್ಯಾಕರಣದ ಮೇಷ್ಟ್ರು ಹೇಳಿರಲೇ ಇಲ್ಲ.

"ತೂತು ಎಷ್ಟು ಜನಕ್ಕೆ ಬೀಳತ್ತೆ ಡಾಕ್ಟ್ರೇ?"

"ಬರೀ ತಪಾಸಣೆಗೆ ಬರೋರಲ್ಲಿ 10,000ಕ್ಕೆ ಮೂರೋ ನಾಲ್ಕೋ. ರಕ್ತಸ್ರಾವ ಹದಿನೈದರ ಹತ್ತಿರ. ಗಂಟು ಸಿಕ್ಕಿ ಕತ್ತರಿಸಿದ್ರೆ ಸ್ವಲ್ಪ ಜಾಸ್ತಿ."

"ಹತ್ತು ಸಾವಿರದಲ್ಲಿ ಮೂರನೆಯವರಾಗಿ ಬರೋ ಅದೃಷ್ಟ ಇವರಿಗಿದ್ದಿದ್ರೆ ಸೈಟು ಯಾವತ್ತೋ ಸಿಕ್ಕಿರೋದು" ಎಂದಳು ಹೆಂಡತಿ. ರುಜು ಹಾಕಿದೆ.

ಪತ್ರದಲ್ಲಿ ಬರೆಯದ ಸಂಕಟ ಹಿಂದಿನ ರಾತ್ರಿಯದು. 2 ಲೀಟರ್ ನೀರಿಗೆ ಭೇದಿಯ ಪುಡಿ ಕಲಸಿ ಕುಡಿಯಬೇಕು. ನಿಂಬೆಯ ರುಚಿ ಎಂದು ಪೊಟ್ಟಣದ ಮೇಲಿತ್ತು. ಅರಬ್ಬೀ ಸಮುದ್ರದಲ್ಲಿ ಒಂದೇ ಒಂದು ನಿಂಬೆಹಣ್ಣು ಹಿಂಡಿದ್ದರು. ಕಬ್ಬಿಣದ ಮಾತ್ರೆ ವಾರದ ಹಿಂದೆಯೇ ನಿಂತಿತ್ತು. ಬೀಟ್‌ರೂಟಿಗೂ ಬಹಿಷ್ಕಾರ, ಅದರ ಕೆಂಪು ಒಳಗೆ ಹೋಗಿ ರಕ್ತದ ವೇಷ ಹಾಕುತ್ತದಂತೆ.

"ಇಷ್ಟೊಂದು ಮಡಿ ಯಾಕೋ?" ಎಂದು ಮೆಡಿಕಲ್ ಓದುವ ತಂಗಿ ಮಗನಿಗೆ ಫೋನಿನಲ್ಲಿ ಕೇಳಿದೆ. "ಮಾವ, ಹಿಂದೆ ಭೇದಿಗೆ ಮ್ಯಾನಿಟಾಲ್ ಕೊಡ್ತಿದ್ರು. ಕರುಳಿನ ಬ್ಯಾಕ್ಟೀರಿಯಾ ಅದನ್ನ ತಿಂದು ಹೈಡ್ರೋಜನ್ ಬಿಡ್ತಿದ್ವು. ಗಂಟು ಕತ್ತರಿಸೋ ತಂತಿಗೆ ಕರೆಂಟ್ ಕೊಟ್ಟಾಗ ಢಮಾರ್. 1979ರಲ್ಲಿ ಫ್ರಾನ್ಸಿನ ಡಾಕ್ಟರುಗಳು ಬರೆದಿದ್ದಾರೆ, ರೋಗಿ ಉಳೀಲಿಲ್ಲ." ಹುಡುಗನಿಗೆ ಸಮಯಪ್ರಜ್ಞೆ ಕಡಿಮೆ. ಉಳಿದಿದ್ದ ಅರ್ಧ ಲೀಟರನ್ನು ಮಾತಾಡದೆ ಕುಡಿದೆ.

2021ರ ನವೆಂಬರಿನಲ್ಲಿ ಇದೇ ತಪಾಸಣೆಗೆ ಮಂಪರು ಹತ್ತಿಸಿಕೊಳ್ಳುವ ಮುನ್ನ ಅಮೆರಿಕದ ಆಗಿನ ಅಧ್ಯಕ್ಷ ಬೈಡನ್, ಉಪಾಧ್ಯಕ್ಷೆ ಕಮಲಾ ಹ್ಯಾರಿಸ್‌ಗೆ 85 ನಿಮಿಷ ಅಧಿಕಾರ ವಹಿಸಿಕೊಟ್ಟಿದ್ದರು. ನಾನೂ ಬೀರುವಿನ ಬೀಗದ ಕೈ, ಎಟಿಎಂ ಕಾರ್ಡು ಒಪ್ಪಿಸಿದೆ. ಎದ್ದಮೇಲೆ ನರ್ಸಮ್ಮ ಹೇಳಿದರು: ಇಪ್ಪತ್ನಾಲ್ಕು ಗಂಟೆ ಗಾಡಿ ಓಡಿಸಬೇಡಿ, ಮುಖ್ಯವಾದ ಕಾಗದಕ್ಕೆ ಸಹಿ ಹಾಕಬೇಡಿ. ಬೈಡನ್‌ಗೆ ಹಾಗೆ ಯಾರೂ ಹೇಳಲಿಲ್ಲವೇನೋ. ನನ್ನ ಕಾರ್ಡು ಮರುದಿನದ ತನಕ ಸೆರಗಿನ ಗಂಟಿನಲ್ಲೇ ಉಳಿಯಿತು.

ತೂತು ಬೀಳಲಿಲ್ಲ. ಹುರುಳಿಕಾಳಿನಷ್ಟು ಗಂಟು ಸಿಕ್ಕಿತು, ಕತ್ತರಿಸಿದರು. ಆದರೆ ಕತ್ತರಿಸಿದ ಜಾಗದಿಂದ ಎರಡು ವಾರದವರೆಗೂ ರಕ್ತ ಬರಬಹುದು, ಬಂದರೆ ತಕ್ಷಣ ಓಡಿ ಬನ್ನಿ ಎಂದರು. ಇನ್ನೊಂದು 'ಬಹುದು'. ಬಾಮೈದನ ಗೃಹಪ್ರವೇಶಕ್ಕೆ ಬಸ್ಸು ಹತ್ತುವುದು ರದ್ದಾಯಿತು. ದಿನಾ ಬೆಳಗ್ಗೆ ಬಚ್ಚಲಿನ ಬಾಗಿಲಾಚೆ ಬಳೆ ಸದ್ದು, ಹಿಂದೆಯೇ ದನಿ: "ರೀ, ಕೆಂಪಗೆ ಏನಾದ್ರೂ?"

"ಇಲ್ಲ ಕಣೇ."

ಹದಿನೈದನೆಯ ಬೆಳಗ್ಗೆ ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತು ಕಾದು, "ಏನೂ ಇಲ್ಲ" ಎಂದು ನಾನೇ ಕೂಗಿದೆ. ಉತ್ತರವಿಲ್ಲ. ಅಡುಗೆಮನೆಗೆ ಹೋಗಿ ನೋಡಿದರೆ ಬೀಟ್‌ರೂಟ್ ಪಲ್ಯಕ್ಕೆ ಒಗ್ಗರಣೆ ಬೀಳುತ್ತಿತ್ತು.