ಬಳಕೆದಾರನಿಗೊಂದು ಬೀಳ್ಕೊಡುಗೆ

ಜಪಾನಿನ ನಿಷ್ಪ್ರಯೋಜಕ ಆವಿಷ್ಕಾರಗಳ ಬಗ್ಗೆ 1995ರಲ್ಲಿ ಇಂಗ್ಲಿಷಿನಲ್ಲೊಂದು ಪುಸ್ತಕ ಬಂತು. ಕೆಲಸವೇನೋ ಮಾಡುತ್ತವೆ, ಆದರೆ ನಾಲ್ಕು ಜನರ ಎದುರು ಬಳಸಲು ನಾಚಿಕೆಯಾಗುತ್ತದೆ ಎನ್ನುವಂಥ ನೂರಾ ಒಂದು ವಸ್ತುಗಳು ಅದರಲ್ಲಿದ್ದವು. ಬೆಕ್ಕು ಓಡಾಡುತ್ತಲೇ ನೆಲ ಒರೆಸಲಿ ಎಂದು ಅದರ ಕಾಲಿಗೆ ತೊಡಿಸುವ ಚಪ್ಪಲಿ ಒಂದು. ತುದಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು ತನ್ನ ಫೋಟೊ ತಾನೇ ತೆಗೆದುಕೊಳ್ಳುವ ಕೋಲು ಇನ್ನೊಂದು. 2014ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಆ ವರ್ಷದ ಅತ್ಯುತ್ತಮ ಆವಿಷ್ಕಾರಗಳ ಪಟ್ಟಿ ಹೊರಡಿಸಿದಾಗ ಆ ಕೋಲು ಅಲ್ಲಿ ಹಾಜರಿತ್ತು. ಕೋಲು ಹಳೆಯದೇ. ನಾಚಿಕೆ ಮಾತ್ರ ನಡುವೆ ಎಲ್ಲೋ ಇಳಿದುಹೋಗಿತ್ತು. ಬೆಕ್ಕಿನ ಚಪ್ಪಲಿಗೆ ಇನ್ನೂ ಕಾಲ ಕೂಡಿಬಂದಿಲ್ಲ.

ಕೋಲಿನ ಮೂಲಪುರುಷ ಮಿನೋಲ್ಟಾ ಕ್ಯಾಮೆರಾ ಕಂಪನಿಯಲ್ಲಿದ್ದ ಹಿರೋಶಿ ಉಯೆದಾ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಹೆಂಡತಿಯ ಜೊತೆ ಒಂದು ಫೋಟೊ ಬೇಕೆನಿಸಿ ಅಲ್ಲಿದ್ದ ಹುಡುಗನೊಬ್ಬನ ಕೈಗೆ ಕ್ಯಾಮೆರಾ ಕೊಟ್ಟರಂತೆ. ಹುಡುಗ ಕ್ಯಾಮೆರಾ ಸಮೇತ ಓಟ ಕಿತ್ತ. ಉಯೆದಾ 1980ರ ದಶಕದಲ್ಲೇ ಕೋಲಿಗೆ ಪೇಟೆಂಟ್ ಪಡೆದರು. ಅದು 2003ರಲ್ಲಿ ಮುಗಿದುಹೋಯಿತು, ಜಗತ್ತಿಗೆ ಹುಚ್ಚು ಹಿಡಿದದ್ದು ಆಮೇಲೆ. ಒಬ್ಬ ಹುಡುಗ ಕದ್ದ, ಒಬ್ಬ ಎಂಜಿನಿಯರ್ ಕೋಲು ಮಾಡಿದ, ಆ ಕೋಲಿನಿಂದ ಲೋಕದ ಅಪರಿಚಿತರೆಲ್ಲ ಕೆಲಸ ಕಳೆದುಕೊಂಡರು. ಮೈಸೂರು ಅರಮನೆಯ ಮುಂದೆ ‘ಸಾರ್, ನಮ್ದೊಂದು ಫೋಟೊ ತೆಗೀತೀರಾ’ ಎಂದು ಕೇಳಿಸಿಕೊಳ್ಳುವ ಹಿರಿಯರು ಈಗೆಲ್ಲಿದ್ದಾರೆ? ಅವರು ತೆಗೆದ ಫೋಟೊದಲ್ಲಿ ಅರಮನೆ ಇರುತ್ತಿರಲಿಲ್ಲ, ನಮ್ಮ ತಲೆಯೂ ಇರುತ್ತಿರಲಿಲ್ಲ, ಅವರ ಹೆಬ್ಬೆರಳು ಇರುತ್ತಿತ್ತು. ಆದರೂ ಕೊನೆಗೆ ‘ಯಾವೂರಪ್ಪ ನಿಮ್ದು’ ಅಂತ ಒಂದು ಮಾತು ಸಿಗುತ್ತಿತ್ತು. ಈಗ ನಮ್ಮ ಬೆನ್ನನ್ನು ನಾವೇ ತಟ್ಟಿಕೊಳ್ಳಲು ಕೈ ಗಿಡ್ಡವಾಯಿತೆಂದು ಕೋಲು ಕೊಂಡಿದ್ದೇವೆ. ಬ್ಲೂಟೂತ್ ಇದ್ದರೆ ನೂರು ರೂಪಾಯಿ ಜಾಸ್ತಿ.

ಸೋಷಿಯಲ್ ಮೀಡಿಯಾ ಬಳಸುವವರ ಅನುಕೂಲಕ್ಕೆಂದು ಅಂದಿನಿಂದ ಬಂದ ಪ್ರತಿಯೊಂದು ಸಾಧನವೂ ಹೀಗೆ ಒಬ್ಬೊಬ್ಬರನ್ನು ನಿವೃತ್ತಿಗೊಳಿಸುತ್ತ ಬಂದಿದೆ. ಸರ್ಕಾರಿ ಕಚೇರಿಯಲ್ಲಾದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಸಾಹೇಬರ ಎರಡು ಮಾತು ಇರುತ್ತಿತ್ತು. ಇಲ್ಲಿ ಅದೂ ಇಲ್ಲ, ಒಂದು ಅಪ್‌ಡೇಟ್ ಬರುತ್ತದೆ, ಅಷ್ಟೆ.

ಎರಡನೆಯದಾಗಿ ಮನೆಗೆ ಹೋದವರು ನಮ್ಮನ್ನು ಮೆಚ್ಚುವವರು. ಹಿಂದೆ ಮೆಚ್ಚುಗೆ ಬೇಕಿದ್ದರೆ ಮೆಚ್ಚುವಂಥದ್ದೇನಾದರೂ ಮಾಡಬೇಕಿತ್ತು, ಇಲ್ಲವೇ ರಾಜನಾಗಿ ವಂದಿಮಾಗಧರನ್ನು ಸಾಕಬೇಕಿತ್ತು. ರಾಜರಿಗೂ ಅದು ದುಬಾರಿಯೇ. ಪಂಪನಿಗೆ ಅರಿಕೇಸರಿ ಒಂದು ಅಗ್ರಹಾರವನ್ನೇ ಕೊಟ್ಟ. ಇಂಟರ್ನೆಟ್ಟು ಈ ಕ್ಷೇತ್ರದಲ್ಲಿ ಸಗಟು ದರ ತಂದಿತು. ಅಮೆರಿಕದ ಡೆವೂಮಿ ಎಂಬ ಕಂಪನಿ ಟ್ವಿಟರ್ ಫಾಲೋವರ್‌ಗಳನ್ನು ತಲೆಗೆ ಕೆಲವೇ ಸೆಂಟುಗಳಂತೆ ಮಾರುತ್ತಿದ್ದ ಕಥೆಯನ್ನು ನ್ಯೂಯಾರ್ಕ್ ಟೈಮ್ಸ್ 2018ರಲ್ಲಿ ಬಯಲು ಮಾಡಿತು. ಗಿರಾಕಿಗಳಲ್ಲಿ ನಟರು, ಆಟಗಾರರು, ಟಿವಿಯವರು ಎಲ್ಲರೂ ಇದ್ದರು. ಮಾರಿದ ಖಾತೆಗಳಲ್ಲಿ ಎಷ್ಟೋ ನಿಜವಾದ ಜನರ ಹೆಸರು, ಫೋಟೊ ಕದ್ದು ಮಾಡಿದವು. ಮರುವರ್ಷ ಅಲ್ಲಿನ ಕೇಂದ್ರ ವ್ಯಾಪಾರ ಆಯೋಗ ಕಂಪನಿಯ ಮಾಲೀಕನಿಗೆ 25 ಲಕ್ಷ ಡಾಲರ್ ದಂಡ ಗೊತ್ತುಮಾಡಿತು. ಅರಿಕೇಸರಿಗೆ ಕೊಟ್ಟ ಅಗ್ರಹಾರದ ಬದಲಿಗೆ ಒಂದು ಮಹಾಕಾವ್ಯವಾದರೂ ಸಿಕ್ಕಿತ್ತು. ಇವರಿಗೆ ಸಿಕ್ಕಿದ್ದು ಕದ್ದ ಮುಖದ ಹತ್ತು ಸಾವಿರ ಮೌನಿಗಳು.

ಮೆಚ್ಚುವವರನ್ನು ಕೊಂಡ ಮೇಲೆ ‘ಇವರು ಇವರೇ ಹೌದು’ ಎಂದು ಹೇಳುವವರು ಬೇಕಲ್ಲ. ಹಳ್ಳಿಯಲ್ಲಿ ಆ ಕೆಲಸವನ್ನು ಕಟ್ಟೆಯ ಮೇಲೆ ಕೂತ ಯಾವ ಅಜ್ಜನಾದರೂ ಮಾಡುತ್ತಿದ್ದ: ‘ನೀನು ಪಟೇಲ್ರ ಮೊಮ್ಮಗ ಅಲ್ವೇನೋ?’ ಟ್ವಿಟರಿನಲ್ಲಿ ಅದಕ್ಕೊಂದು ನೀಲಿ ಟಿಕ್ ಇತ್ತು. 2022ರ ನವೆಂಬರಿನಲ್ಲಿ ಹೊಸ ಯಜಮಾನರು ಅದನ್ನು ತಿಂಗಳಿಗೆ ಎಂಟು ಡಾಲರಿಗೆ ಮಾರಾಟಕ್ಕಿಟ್ಟರು. ಯಾರೋ ಒಬ್ಬರು ಎಂಟು ಡಾಲರ್ ಕಟ್ಟಿ ಔಷಧ ಕಂಪನಿ ಎಲೈ ಲಿಲ್ಲಿಯ ವೇಷ ಹಾಕಿ ‘ಇನ್ನು ಇನ್ಸುಲಿನ್ ಉಚಿತ’ ಎಂದು ಬರೆದರು. ಅಸಲಿ ಕಂಪನಿ ಇನ್ಸುಲಿನ್ ಉಚಿತವಲ್ಲ ಎಂಬ ಅರ್ಥದಲ್ಲಿ ಕ್ಷಮೆ ಕೇಳಬೇಕಾಯಿತು, ಷೇರೂ ಇಳಿಯಿತು. ಇದರಿಂದ ಪಾಠ ಕಲಿತ ಮಿಕ್ಕ ಕಂಪನಿಗಳು ತಕ್ಷಣ ತಾವೂ ಟಿಕ್ ಮಾರತೊಡಗಿದವು. 2023ರ ಜೂನ್‌ನಲ್ಲಿ ಮೆಟಾ ಭಾರತದಲ್ಲಿ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳ ಟಿಕ್ಕಿಗೆ ಮೊಬೈಲಿನಲ್ಲಿ ತಿಂಗಳಿಗೆ 699 ರೂಪಾಯಿ ಇಟ್ಟಿತು. ನಾನು ನಾನೇ ಎಂಬುದಕ್ಕೆ ಬಾಡಿಗೆ. ಒಂದು ತಿಂಗಳು ಕಟ್ಟದಿದ್ದರೆ ಆ ತಿಂಗಳು ನಾನು ಯಾರು ಎಂಬ ಪ್ರಶ್ನೆಗೆ ಉಪನಿಷತ್ತೇ ಗತಿ.

ಇಲ್ಲಿ ನಮ್ಮೂರಿನ ಒಂದು ಹಕ್ಕಿಯನ್ನು ನೆನೆಯಬೇಕು. ಬೆಂಗಳೂರಿನಲ್ಲಿ ಹುಟ್ಟಿದ ಕೂ, 2020ರಲ್ಲಿ ಮೊದಲು ಬಂದದ್ದೇ ಕನ್ನಡದಲ್ಲಿ. ಗಣ್ಯರಿಗೆ ಹಳದಿ ಟಿಕ್ ಕೊಡುತ್ತಿತ್ತು, ಆಮೇಲೆ ಆಧಾರ್ ತೋರಿಸಿದ ಸಾಮಾನ್ಯರಿಗೂ ಹಸಿರು ಟಿಕ್ ಕೊಟ್ಟಿತು. ದುಡ್ಡು ಕೇಳಲಿಲ್ಲ. ಪುಕ್ಕಟೆ ಸಿಕ್ಕ ಮರ್ಯಾದೆಗೆ ಮರ್ಯಾದೆ ಇರುತ್ತದೆಯೇ? 2024ರ ಜುಲೈನಲ್ಲಿ ಅಂಗಡಿ ಮುಚ್ಚಿತು. ಕನ್ನಡಿಗರು ಸಂತಾಪ ಸೂಚಿಸಿದರು, ಎಕ್ಸ್‌ನಲ್ಲಿ.

ಇನ್ನು ಕನ್ನಡಕ. ಕ್ಯಾಮೆರಾ, ಮೈಕು ಎರಡನ್ನೂ ಹುದುಗಿಸಿಕೊಂಡ ರೇ-ಬ್ಯಾನ್ ಮೆಟಾ ಕನ್ನಡಕ 2025ರ ಮೇ ತಿಂಗಳಲ್ಲಿ 29,900 ರೂಪಾಯಿಯಿಂದ ಶುರುವಾಗಿ ಭಾರತಕ್ಕೆ ಬಂತು. ಫೋನನ್ನು ಜೇಬಿನಿಂದ ತೆಗೆಯುವ ಶ್ರಮ ತಪ್ಪಿತು ಎಂಬುದು ಇದರ ಹೆಗ್ಗಳಿಕೆ. ತಪ್ಪಿದ್ದು ಅದೊಂದೇ ಶ್ರಮವಲ್ಲ. ಯಾರಾದರೂ ಫೋನು ಎತ್ತಿ ಹಿಡಿದರೆ ಎದುರಿದ್ದವರು ಸೆರಗು ಸರಿಮಾಡಿಕೊಳ್ಳುತ್ತಾರೆ, ಮುಖ ತಿರುಗಿಸುತ್ತಾರೆ, ‘ಏನ್ರೀ ಅದು’ ಎಂದು ಗದರುತ್ತಾರೆ. ಅಂದರೆ ಫೋಟೊದೊಳಗಿನ ಮನುಷ್ಯನಿಗೂ ಒಂದು ಮಾತು ಇತ್ತು. ಕನ್ನಡಕ ಆ ಮಾತಿಗೂ ವಿಶ್ರಾಂತಿ ಕೊಟ್ಟಿತು. ಚಿತ್ರೀಕರಣ ನಡೆದಾಗ ಅಂಚಿನಲ್ಲಿ ಒಂದು ಪುಟ್ಟ ಬಿಳಿ ದೀಪ ಉರಿಯುತ್ತದೆ, ಅದನ್ನು ನೋಡಿ ಜನ ಎಚ್ಚೆತ್ತುಕೊಳ್ಳಬೇಕೆಂದು ಕಂಪನಿಯ ಅಂಬೋಣ. ಮಧ್ಯಾಹ್ನದ ಬಿಸಿಲಲ್ಲಿ, ಮೆಜೆಸ್ಟಿಕ್ಕಿನ ನೂಕುನುಗ್ಗಲಲ್ಲಿ, ಎದುರು ಬರುವ ಪ್ರತಿಯೊಬ್ಬನ ಕಣ್ಣಂಚಿನ ಸಾಸಿವೆಕಾಳಿನಷ್ಟು ಬೆಳಕನ್ನು ಹುಡುಕುತ್ತ ನಡೆಯುವುದು ಹೆಣ್ಣುಮಕ್ಕಳ ಹೊಸ ವ್ಯಾಯಾಮ. ಅದೇ 2025ರ ಮೇ ತಿಂಗಳಲ್ಲಿ, ನಮ್ಮ ಮೆಟ್ರೊದಲ್ಲಿ ಹೆಂಗಸರಿಗೆ ಗೊತ್ತಾಗದಂತೆ ವಿಡಿಯೊ ತೆಗೆದು ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದ ಖಾತೆಯೊಂದರ ಮೇಲೆ ಬೆಂಗಳೂರು ಪೊಲೀಸರು ಪ್ರಕರಣ ದಾಖಲಿಸಿದರು. ಪಾಪ, ಆ ಮಹಾನುಭಾವನಿಗೆ ಇನ್ನೂ ಹಳೆಯ ಪದ್ಧತಿ. ಅನುಕೂಲದ ಅಂಗಡಿ ಪಕ್ಕದಲ್ಲೇ ತೆರೆದಿತ್ತು.

ಮುಜರಾಯಿ ಇಲಾಖೆ 2023ರ ಜುಲೈನಲ್ಲಿ ತನ್ನ ದೇವಸ್ಥಾನಗಳ ಒಳಗೆ ಮೊಬೈಲ್ ಬಳಸುವಂತಿಲ್ಲ ಎಂದಿತು. ಕನ್ನಡಕಕ್ಕೂ ಆದೇಶ ಹೊರಡಿಸಿದರೆ ಅರ್ಧಕ್ಕರ್ಧ ಭಕ್ತರು ಧ್ವಜಸ್ತಂಭಕ್ಕೇ ಕೈಮುಗಿದು ಹಿಂದಿರುಗುತ್ತಾರೆ. ಗೃಹಪ್ರವೇಶಗಳಲ್ಲಂತೂ ಯಾವ ನಿರ್ಬಂಧವೂ ಇಲ್ಲ. ನಂದಾದೀಪದ ಬೆಳಕು ಸಾಲದೆಂದು ರಿಂಗ್ ಲೈಟ್ ನಿಲ್ಲಿಸಿರುತ್ತಾರೆ. ‘ಭಟ್ರೇ, ಇನ್ನೊಂದ್ಸಲ ಆರತಿ ಎತ್ತಿ, ಫೋಕಸ್ ಆಗ್ಲಿಲ್ಲ’ ಎಂದಾಗ ಭಟ್ಟರೂ ಎತ್ತುತ್ತಾರೆ, ಈ ಸಲ ಎಡಗೆನ್ನೆ ಕ್ಯಾಮೆರಾದತ್ತ.

ಮುಂದಿನ ಸರದಿ ಬೆರಳಿನದು. ಬ್ಲೂಟೂತ್ ಉಂಗುರವೊಂದು ಆನ್‌ಲೈನ್ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮಂಚಕ್ಕೆ ಬಾಗುಕತ್ತಿನ ಸ್ಟ್ಯಾಂಡ್ ಸಿಕ್ಕಿಸಿ, ಅದಕ್ಕೆ ಫೋನು ನೇತುಹಾಕಿ, ಹೊದಿಕೆಯೊಳಗಿಂದಲೇ ಉಂಗುರ ಒತ್ತಿದರೆ ರೀಲ್ಸ್ ಒಂದಾದ ಮೇಲೊಂದು ತಾನಾಗಿ ಉರುಳುತ್ತವೆ. ಏಕಲವ್ಯ ಹೆಬ್ಬೆರಳನ್ನು ಒಂದೇ ಸಲ ಕತ್ತರಿಸಿ ಗುರುದಕ್ಷಿಣೆ ಕೊಟ್ಟ. ನಾವು ಇಷ್ಟು ವರ್ಷ ದಿನಾ ಸವೆಸಿ ಸವೆಸಿ ಕೊಡುತ್ತಿದ್ದೆವು. ಈಗ ಅದನ್ನು ವಾಪಸ್ ಕೊಟ್ಟು ‘ಇಟ್ಕೊಳ್ಳಿ, ಇನ್ನು ಬೇಕಾಗಲ್ಲ’ ಎಂದಿದ್ದಾರೆ. ಚಳಿಗಾಲಕ್ಕೆ ಬಹಳ ಒಳ್ಳೆಯದು. ಹಿಂದೆ ತೋಳು ಸೋತು ಫೋನು ಮೂಗಿನ ಮೇಲೆ ಬಿದ್ದಾಗಲಾದರೂ ಗಂಟೆ ಎಷ್ಟಾಯಿತೆಂದು ತಿಳಿಯುತ್ತಿತ್ತು. ದೇಹ ಬಾರಿಸುತ್ತಿದ್ದ ಆ ಕೊನೆಯ ಗಂಟೆಯನ್ನೂ ಬಿಚ್ಚಿಟ್ಟಾಯಿತು.

ಬೆರಳಿನ ನಂತರ ಮಾತು. ಭಾರತೀಯರು ಬೆಳಗಾಗೆದ್ದು ಒಬ್ಬರಿಗೊಬ್ಬರು ಕಳಿಸುವ ಗುಡ್ ಮಾರ್ನಿಂಗ್ ಚಿತ್ರಗಳಿಂದಲೇ ಫೋನುಗಳು ಹೊಟ್ಟೆ ತುಂಬಿ ನಿಂತುಹೋಗುತ್ತಿವೆ ಎಂಬುದನ್ನು ಗೂಗಲ್ ಸಂಶೋಧಕರು ಪತ್ತೆಹಚ್ಚಿದ್ದು ಹಳೆಯ ಸುದ್ದಿ. 2017ರ ಕೊನೆಯಲ್ಲಿ ಬಂದ ಗೂಗಲ್‌ನ ಫೈಲ್ಸ್ ಗೋ ಆ್ಯಪಿನಲ್ಲಿ ಇಂಥ ಚಿತ್ರಗಳನ್ನು ಹುಡುಕಿ ಒಟ್ಟಿಗೆ ಅಳಿಸುವ ಏರ್ಪಾಡಿತ್ತು. ಗುಲಾಬಿ ಹೂ, ಉದಯಿಸುವ ಸೂರ್ಯ, ಕಾಫಿ ಲೋಟ, ಕೆಳಗೊಂದು ವೇದಾಂತ: ಸೋದರತ್ತೆ ಕಣ್ಣುಜ್ಜಿಕೊಂಡು ಕಳಿಸಿದ್ದನ್ನು ಯಂತ್ರ ಕಸವೆಂದು ಗುಡಿಸುತ್ತಿತ್ತು. ಆಗಿನ್ನೂ ಕಳಿಸುವ ಕಡೆ ಒಬ್ಬ ಅತ್ತೆ ಇದ್ದರು ಎಂಬುದನ್ನು ಗಮನಿಸಬೇಕು.

2025ರಲ್ಲಿ ವಾಟ್ಸಾಪ್ ಎರಡು ಹೊಸ ಸೌಲಭ್ಯ ಪ್ರಕಟಿಸಿತು. ಒಂದು, ಓದದೆ ಬಿದ್ದ ಮೆಸೇಜುಗಳನ್ನು ಕೃತಕ ಬುದ್ಧಿಮತ್ತೆ ಓದಿ ಸಾರಾಂಶ ಹೇಳುತ್ತದೆ. ಇನ್ನೊಂದು, ನಾವು ಕಳಿಸಬೇಕಾದ ಮೆಸೇಜನ್ನು ಅದೇ ತಿದ್ದಿ ತೀಡಿ ಬರೆದುಕೊಡುತ್ತದೆ. ಒಂದು ಯಂತ್ರ ಉದ್ದ ಮಾಡಿ ಕಳಿಸುತ್ತದೆ, ಇನ್ನೊಂದು ಯಂತ್ರ ಗಿಡ್ಡ ಮಾಡಿ ಓದುತ್ತದೆ. ನಡುವೆ ಇದ್ದ ಸಂಬಂಧಿಕರು ಆರಾಮವಾಗಿ ರೀಲ್ಸ್ ನೋಡಬಹುದು. ನಮ್ಮ ಕುಟುಂಬದ ಗ್ರೂಪುಗಳಿಗೆ ಇದು ಒಗ್ಗುವ ದಿನವನ್ನು ಕಲ್ಪಿಸಿಕೊಳ್ಳಿ. ಊರಿನ ದೊಡ್ಡಪ್ಪ ತೀರಿಕೊಂಡಿದ್ದಾರೆ, ಗ್ರೂಪಿನ ತುಂಬ ಓಂ ಶಾಂತಿ, ಓಂ ಶಾಂತಿ, ನಡುವೆ ಯಾರೋ ಒಬ್ಬ ಭಾವ ತಪ್ಪಿ ಹಾಕಿದ ಹ್ಯಾಪಿ ಬರ್ತ್‌ಡೇ, ಮತ್ತೆ ಓಂ ಶಾಂತಿ. ಸಾರಾಂಶ ಬರುತ್ತದೆ: ‘ಒಬ್ಬ ಹಿರಿಯರು ಹುಟ್ಟುಹಬ್ಬ ಆಚರಿಸಿಕೊಂಡಿದ್ದಾರೆ. ಸದಸ್ಯರೆಲ್ಲ ಶಾಂತಿಯಿಂದಿದ್ದಾರೆ.’

ಲಿಂಕ್ಡ್‌ಇನ್‌ನಲ್ಲಿ ಈ ಸ್ಥಿತಿ ಬಂದು ಎಷ್ಟೋ ಕಾಲವಾಯಿತು. ಅಲ್ಲಿ ಯಂತ್ರ ಬರೆದದ್ದಕ್ಕೂ ಮನುಷ್ಯರು ಬರೆದದ್ದಕ್ಕೂ ವ್ಯತ್ಯಾಸ ಮೊದಲಿನಿಂದಲೂ ಕಾಣುತ್ತಿರಲಿಲ್ಲವಾದ್ದರಿಂದ ಯಾರಿಗೂ ಆಘಾತವಾಗಲಿಲ್ಲ.

ಇಷ್ಟಾದರೂ ಒಂದು ಕೆಲಸ ಮನುಷ್ಯನ ಕೈಯಲ್ಲೇ ಉಳಿದಿತ್ತು: ಹೋಗುವುದು. ಜೋಗದ ಎದುರು ನಿಂತ ಫೋಟೊ ಬೇಕಿದ್ದರೆ ಸಾಗರ, ತಾಳಗುಪ್ಪ ದಾಟಿ ಜೋಗಕ್ಕೆ ಹೋಗಲೇಬೇಕಿತ್ತು, ಮಂಜು ಸರಿಯುವ ತನಕ ಕಾಯಬೇಕಿತ್ತು, ಮಳೆಯಲ್ಲಿ ನೆನೆಯಬೇಕಿತ್ತು. 2025ರ ಸೆಪ್ಟೆಂಬರ್ ಕೊನೆಗೆ ಓಪನ್‌ಎಐ ಹೊರತಂದ ಸೋರಾ ಆ್ಯಪು ಆ ತೊಂದರೆಯನ್ನೂ ನಿವಾರಿಸಿತು. ಮುಖವನ್ನು, ದನಿಯನ್ನು ಒಮ್ಮೆ ದಾಖಲು ಮಾಡಿಕೊಟ್ಟರಾಯಿತು, ಆಮೇಲೆ ಎಲ್ಲಿ ಬೇಕಾದರೂ ಏನು ಬೇಕಾದರೂ ಮಾಡುತ್ತಿರುವ ನಮ್ಮ ವಿಡಿಯೊ ಸಿದ್ಧವಾಗುತ್ತಿತ್ತು. ಮನಸ್ಸು ಬಂದರೆ ಸ್ನೇಹಿತರಿಗೂ ನಮ್ಮ ಮುಖ ಬಳಸಲು ಅಪ್ಪಣೆ ಕೊಡಬಹುದಿತ್ತು. ಉತ್ತರಕುಮಾರನಿಗೆ ಪೌರುಷ ತೋರಲು ಒಲೆಯ ಮುಂದೆ ಜಾಗವಿತ್ತು, ರಥ ಹತ್ತಿದ ಮೇಲೆ ತಾನೇ ಬಣ್ಣ ಬಯಲಾದದ್ದು? ಈಗ ಒಲೆಯ ಮುಂದಿನಿಂದ ಏಳದೆಯೇ ಕೌರವ ಸೇನೆಯನ್ನು ಓಡಿಸಿದ ವಿಡಿಯೊ ಹಾಕಬಹುದು. ಬೃಹನ್ನಳೆಯ ಸಂಬಳವೂ ಉಳಿಯಿತು.

ಮೆಟಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ತಾನೇ ಸೃಷ್ಟಿಸಿದ ಕೃತಕ ವ್ಯಕ್ತಿಗಳಿಗೆ ಇನ್‌ಸ್ಟಾಗ್ರಾಂನಲ್ಲಿ ಹೆಸರು, ಮುಖ, ಪರಿಚಯ ಎಲ್ಲ ಕೊಟ್ಟು ಖಾತೆ ತೆರೆಸಿತ್ತು. 2025ರ ಆರಂಭದಲ್ಲಿ ಜನರ ಕಣ್ಣಿಗೆ ಬಿದ್ದು ಗಲಾಟೆಯಾದಾಗ ಗುಟ್ಟಾಗಿ ಅಳಿಸಿತು. ಅವಸರಪಟ್ಟರು, ಅಷ್ಟೆ. ಫೋಟೊ ತೆಗೆಯುವವನು, ಮೆಚ್ಚುವವನು, ಗುರುತಿಸುವವನು, ಬೇಡವೆನ್ನುವವನು, ಬರೆಯುವವನು, ಓದುವವನು, ಹೋಗಿ ಬರುವವನು ಒಬ್ಬೊಬ್ಬರಾಗಿ ಮನೆಗೆ ಹೋದ ಮೇಲೆ ಉಳಿದಿರುವ ಬಳಕೆದಾರ ಮಾಡುತ್ತಿರುವುದು ಒಂದೇ ಕೆಲಸ. ಪ್ರತಿ ತಿಂಗಳು ಅವನ ಖಾತೆಯಿಂದ ಹಣ ಕಡಿತವಾಗುತ್ತದೆ. ಅದೂ ಆಟೊ ಪೇ.

ಬಿಡುವಾದ ಈ ಮನುಷ್ಯನಿಗೂ ಮಾರುಕಟ್ಟೆಯಲ್ಲಿ ಸಾಮಾನಿದೆ. ಫೋನಿನ ದಾಸ್ಯದಿಂದ ಬಿಡಿಸುತ್ತೇನೆಂದು 2024ರಲ್ಲಿ ಹ್ಯೂಮೇನ್ ಎಂಬ ಕಂಪನಿ ಎದೆಗೆ ಸಿಕ್ಕಿಸಿಕೊಳ್ಳುವ ಒಂದು ಪಿನ್ನು ತಂದಿತು. ಬೆಲೆ 699 ಡಾಲರ್, ಮೇಲೆ ತಿಂಗಳ ಚಂದಾ 24 ಡಾಲರ್. ಅಂಗೈ ಚಾಚಿದರೆ ಅದರ ಮೇಲೆ ಹಸಿರು ಅಕ್ಷರ ಮೂಡುತ್ತಿತ್ತು, ಬಿಸಿಲಿದ್ದರೆ ಅದೂ ಇಲ್ಲ. ಮರುವರ್ಷ ಫೆಬ್ರುವರಿಯಲ್ಲಿ ಎಚ್‌ಪಿ ಕಂಪನಿ ಹ್ಯೂಮೇನ್‌ನ ಆಸ್ತಿಯಲ್ಲಿ ಬಹುಪಾಲನ್ನು ಕೊಂಡಿತು, ಪಿನ್ನುಗಳು ತಿಂಗಳ ಕೊನೆಗೆ ಕೆಲಸ ನಿಲ್ಲಿಸಿದವು. ಕೊಂಡವರು ದಾಸ್ಯದಿಂದ ನಿಜವಾಗಿಯೂ ಬಿಡುಗಡೆಯಾದರು.

ಅದಕ್ಕಿಂತ ಗಟ್ಟಿಯಾದದ್ದು ಬ್ರಿಕ್. ಹೆಸರಿಗೆ ಇಟ್ಟಿಗೆ, ನಿಜಕ್ಕೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಬಹುದಾದ ಪುಟ್ಟ ಪ್ಲಾಸ್ಟಿಕ್ ಬಿಲ್ಲೆ, ಬೆಲೆ 59 ಡಾಲರ್. ಫೋನನ್ನು ಅದಕ್ಕೆ ತಾಗಿಸಿದರೆ ನಾವು ಆರಿಸಿದ ಆ್ಯಪುಗಳಿಗೆಲ್ಲ ಬೀಗ, ಬಿಚ್ಚಬೇಕಿದ್ದರೆ ಎದ್ದು ಹೋಗಿ ಮತ್ತೆ ತಾಗಿಸಬೇಕು. ಇದೇ ಕೆಲಸವನ್ನು ನಮ್ಮ ಕಾಲದಲ್ಲಿ ಅಮ್ಮಂದಿರು ಸೌಟಿನಿಂದ ಪುಕ್ಕಟೆ ಮಾಡುತ್ತಿದ್ದರು. ಆದರೆ ಸೌಟಿಗೆ ಆ್ಯಪ್ ಇರಲಿಲ್ಲ, ರಿವ್ಯೂ ಇರಲಿಲ್ಲ, ‘ನಾನು ಡಿಜಿಟಲ್ ಉಪವಾಸದಲ್ಲಿದ್ದೇನೆ’ ಎಂದು ಹಾಕಿಕೊಳ್ಳಲು ಚೆಂದದ ಚಿತ್ರವೂ ಬರುತ್ತಿರಲಿಲ್ಲ. ಏಕಾದಶಿ ಮಾಡಿದ್ದು ಪಕ್ಕದ ಮನೆಗೆ ತಿಳಿಯದಿದ್ದರೆ ಹಸಿದದ್ದಕ್ಕೆ ಏನು ಬಂತು? ಇಟ್ಟಿಗೆ ಕೊಂಡವನಿಗೂ ಅದೇ ಚಿಂತೆ. ಇನ್‌ಸ್ಟಾಗ್ರಾಂಗೆ ಬೀಗ ಬಿದ್ದ ಫೋನಿನ ಫೋಟೊ ತೆಗೆದು ಇನ್‌ಸ್ಟಾಗ್ರಾಂಗೆ ಹಾಕಲು ಇನ್ನೊಂದು ಫೋನು ಬೇಕು. ಹಬ್ಬದ ಸೇಲ್ ಇದ್ದೇ ಇರುತ್ತದೆ, ಹಳೆಯದಕ್ಕೆ ಎಕ್ಸ್‌ಚೇಂಜ್ ಬೋನಸ್ಸೂ ಇದೆ, ಆದರೆ ಹಳೆಯದನ್ನು ಕೊಡುವಂತಿಲ್ಲ, ಬೀಗ ಇರುವುದು ಅದರಲ್ಲೇ. ಪೂರ್ತಿ ಬೆಲೆ ಕೊಟ್ಟೇ ತಗೋಬೇಕು. ನೋ ಕಾಸ್ಟ್ ಇಎಂಐ ಸಿಗುತ್ತದೆ.