‘ಪೈಶಾಚಿಕ’ ಪದದ ಪ್ರಯೋಗಮೀಮಾಂಸೆ: ಒಂದು ಪೂರ್ವಭಾವಿ ಉಪೋದ್ಘಾತ

ಪ್ರಸ್ತುತ ಪ್ರಬಂಧದಲ್ಲಿ ‘ಪೈಶಾಚಿಕ’ ಎಂಬ ವಿಶೇಷಣದ ಅರ್ಥವಲಯವನ್ನು ಸಮಾಜೋ-ಭಾಷಿಕ-ಪಿಶಾಚನಿಷ್ಠ ನೆಲೆಯಲ್ಲಿ ಅವಲೋಕಿಸಲಾಗಿದೆ. ಅವಲೋಕಿಸಿದವರು ಯಾರೆಂದು ಕೇಳಬಾರದು. ವಿಚಾರಸಂಕಿರಣದ ಕನ್ನಡದಲ್ಲಿ ಯಾರೂ ಏನೂ ಮಾಡುವುದಿಲ್ಲ. ದೀಪ ಬೆಳಗಿಸಲಾಗುತ್ತದೆ, ಪ್ರಬಂಧ ಮಂಡಿಸಲಾಗುತ್ತದೆ, ಊಟವಾದ ಮೇಲೆ ಪ್ರಮಾಣಪತ್ರ ವಿತರಿಸಲಾಗುತ್ತದೆ.

ಪಿಶಾಚ ಶಬ್ದಕ್ಕೆ ಆದಿವೃದ್ಧಿಯಾಗಿ, ‘ಇಕ’ ಪ್ರತ್ಯಯ ಹತ್ತಿ ಸದರಿ ಪದ ಸಿದ್ಧಿಸುತ್ತದೆ. ಇದು ಒಂಟಿಯಾಗಿ ಓಡಾಡುವುದು ಅಪರೂಪ. ‘ಕೃತ್ಯ’ದ ಕೈ ಹಿಡಿದೇ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಊಟ, ನಿದ್ದೆಗಳ ವಿಭಾಗವನ್ನು ಬಕಾಸುರ, ಕುಂಭಕರ್ಣರು ಮೊದಲೇ ಹಿಡಿದಿಟ್ಟಿರುವುದರಿಂದ ಅಲ್ಲಿ ಇದರ ಪ್ರಯೋಗ ಕಾಣದು.

ಪೈಶಾಚಿಕವು ಐದು ಬಗೆ. ಮೊದಲನೆಯದು ವಾಙ್ಮಯ-ಪೈಶಾಚಿಕ. ಗುಣಾಢ್ಯನು ‘ಬೃಹತ್ಕಥೆ’ಯನ್ನು ಪೈಶಾಚೀ ಭಾಷೆಯಲ್ಲಿ ಬರೆದನೆಂದು ಪ್ರತೀತಿ. ಗಂಗರ ದೊರೆ ದುರ್ವಿನೀತ ಅದನ್ನು ಸಂಸ್ಕೃತಕ್ಕೆ ತಂದನೆಂದು ತಾಮ್ರಶಾಸನದ ಹೇಳಿಕೆ. ಎಂದರೆ, ದಾಖಲೆಯ ಮಟ್ಟಿಗೆ ಪಿಶಾಚಿಗಳು ಮಾಡಿದ ಅಪರಾಧ ಕಥೆ ಹೇಳಿದ್ದು. ‘ಕಥಾಸರಿತ್ಸಾಗರ’ದ ಪ್ರಕಾರ ಅದನ್ನು ತಿರಸ್ಕರಿಸಿದವನು ರಾಜ; ಕಾಡಿನ ಮೃಗಗಳಾದರೋ ಮೇವು ಬಿಟ್ಟು ಕೇಳಿದವು.

ಎರಡನೆಯದು ವೈವಾಹಿಕ. ಮನುಸ್ಮೃತಿಯ ಎಂಟು ವಿವಾಹಗಳಲ್ಲಿ ಕೊನೆಯದು ‘ಪೈಶಾಚ’: ನಿದ್ದೆಯಲ್ಲಿರುವ, ಅಮಲೇರಿದ, ಬುದ್ಧಿ ಸ್ತಿಮಿತವಿಲ್ಲದ ಹೆಣ್ಣಿನ ಮೇಲೆ ಗುಟ್ಟಾಗಿ ಎರಗುವುದು. ಅಧಮವೆಂದು ಬೈದಿದೆ, ನಿಜ. ಆದರೂ ವಿವಾಹದ ಪಟ್ಟಿಯಲ್ಲೇ ಇಟ್ಟಿದೆ. ಎರಗಿದವನು ಗಂಡಸು, ಹೆಸರು ಕೆಟ್ಟದ್ದು ಪಿಶಾಚಿಯದು!

ಮೂರನೆಯದು ದ್ವಾರಲಿಖಿತ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ದೆವ್ವ ಅದನ್ನೋದಿ, ನಂಬಿ, ವಾಪಸು ಹೋಗುತ್ತಿತ್ತು. ಇಷ್ಟು ಅಕ್ಷರಸ್ಥ, ಇಷ್ಟು ವಿಧೇಯ ಜೀವಿ ನಮ್ಮಲ್ಲಿ ಇನ್ನೊಂದಿಲ್ಲ. ಕೋರ್ಟಿನಲ್ಲಿ ವಾಯಿದೆಯ ಮೇಲೆ ವಾಯಿದೆ ತೆಗೆದುಕೊಳ್ಳುವ ಕಕ್ಷಿದಾರನೊಬ್ಬನನ್ನು ಬಿಟ್ಟರೆ.

ಉಳಿದೆರಡು ಬಗೆಗಳನ್ನು ಕೈಬಿಡಲಾಗಿದೆ. ಅಲ್ಲ, ನಾನೇ ಬಿಟ್ಟಿದ್ದೇನೆ, ಸಾಕಾಯಿತು.

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. ಇಂಥದ್ದಕ್ಕೆಂದೇ ನಾವು ಈ ಪದವನ್ನು ಇಟ್ಟುಕೊಂಡಿದ್ದೇವೆ. ಪೈಶಾಚಿಕ ಎಂದುಬಿಟ್ಟರೆ ಮಾಡಿದವನು ನಮ್ಮ ಓಣಿಯವನಲ್ಲ, ನಮ್ಮ ನೆಂಟನಲ್ಲ, ನಮ್ಮ ಲೋಕದವನೇ ಅಲ್ಲ; ಕಾಫಿ ಮುಗಿಸಿ ಪುಟ ತಿರುವಬಹುದು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಲ್ಲಿಗೆ ‘ಸುಡಲಾಯಿತು’ ಎಂಬ ಕರ್ಮಣಿ ಪ್ರಯೋಗಕ್ಕೆ ಕಾನೂನಿನ ಮುದ್ರೆಯೂ ಬಿತ್ತು: ಏಳು ಹೆಣ, ಕರ್ತೃಪದವಿಲ್ಲ. ಹಾಗಾದರೆ ಪಿಶಾಚಿಯೇ ಬಂದಿತ್ತೆನ್ನೋಣವೇ? ದೆವ್ವ ಯಾರ ಮೈಮೇಲಾದರೂ ಬರುತ್ತದೆ, ಜಾತಿ ಕೇಳುವುದಿಲ್ಲ. ಅಂದು ಬೆಂಕಿ ಹಿಡಿದು ಬಂದವರಿಗೆ ಯಾವ ಮನೆ ಯಾರದೆಂದು ಚೆನ್ನಾಗಿ ಗೊತ್ತಿತ್ತು.