ನಂಗ ಮೊದ್ಲೇ ಗೊತ್ತಿತ್ತು

ಗುಂಡ್ಲುಪೇಟೆಯ ಊಟಿ ರಸ್ತೆಯ ಟೀ ಅಂಗಡಿಯಾಗಲಿ, ಚಾಮರಾಜನಗರದ ಚಾಮರಾಜೇಶ್ವರ ಗುಡಿಯ ಆಸುಪಾಸಾಗಲಿ, ನಾಲ್ಕು ಜನ ಕತೆ ಮಾತಾಡುತ್ತಿದ್ದರೆ ಐದನೆಯವನಾಗಿ ಗೊತ್ತಪ್ಪ ಇದ್ದೇ ಇರುತ್ತಾನೆ. ಹೆಸರು ನಾವಿಟ್ಟದ್ದು, ಅವನು ಒಬ್ಬನಲ್ಲ, ಒಂದು ಜಾತಿ. ಕೊನೆಯಲ್ಲಿ ಏನಾಯಿತೆಂದು ಯಾರಾದರೂ ಹೇಳಿ ಮುಗಿಸಿದರೆ ಸಾಕು, ಗ್ಲಾಸು ಕೆಳಗಿಟ್ಟು, 'ನಂಗ ಮೊದ್ಲೇ ಗೊತ್ತಿತ್ತು ಕನ, ಬುಡು' ಎನ್ನುತ್ತಾನೆ. ಪಂಚೆಯ ಗೊತ್ತಪ್ಪನಿಗೆ ಮಾದಪ್ಪನ ಕತೆ, ಜೀನ್ಸಿನ ಗೊತ್ತಪ್ಪನಿಗೆ ಹ್ಯಾರಿ ಪಾಟರ್, ರಾಗ ಒಂದೇ. 2005ರ ಆರನೆಯ ಪುಸ್ತಕದಲ್ಲಿ ಸ್ನೇಪ್ ಮೇಷ್ಟ್ರು ಹಿರಿಯ ಡಂಬಲ್‌ಡೋರನನ್ನು ಕೊಂದಾಗ 'ದ್ರೋಹಿ' ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು, 2007ರಲ್ಲಿ ಆ ಕೊಲೆ ಡಂಬಲ್‌ಡೋರನದೇ ಅಪ್ಪಣೆ ಎಂದು ಗೊತ್ತಾದ ಕೂಡಲೇ ಸ್ನೇಪನ ಹಳೆಯ ನಂಟನಾಗಿಬಿಟ್ಟ. ಆ ಸರಣಿಯ ಮೊದಲ ಪುಸ್ತಕ ಬಂದದ್ದು 1997ರಲ್ಲಿ, ಚಾಮರಾಜನಗರ ಜಿಲ್ಲೆಯಾದ ವರ್ಷವೇ. ಜಿಲ್ಲೆಯಾಗುವುದೂ ಅವನಿಗೆ ಮೊದಲೇ ಗೊತ್ತಿತ್ತು.

ಕತೆ ದಾರಿ ತಪ್ಪಿಸುವುದು ಕೇಳುವವನನ್ನು ಸೋಲಿಸಲಿಕ್ಕೆ ಎಂದು ಗೊತ್ತಪ್ಪ ನಂಬಿದ್ದಾನೆ. ಈ ಸೀಮೆಯ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯ ಆ ನಂಬಿಕೆಯ ಬುಡವನ್ನೇ ಅಲ್ಲಾಡಿಸುತ್ತದೆ. ಶರಣರ ನಿಷ್ಠೆ ಪರೀಕ್ಷಿಸಲು ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ಕುಷ್ಠರೋಗಿಯ ವೇಷದಲ್ಲಿ. ಆ ರೋಗಿ 'ಧರೆಗೆ ದೊಡ್ಡವರು' ಎನಿಸಿಕೊಂಡ ಮಂಟೇಸ್ವಾಮಿಯೇ ಎಂಬುದು ಮುಂದೆ ಕೂತ ಮಗುವಿಗೂ ಗೊತ್ತು. ಆದರೂ ನೀಲಗಾರನಿಗೆ ಅವಸರವಿಲ್ಲ. ಹುಣ್ಣು, ನಾತ, ಬಾಗಿಲಲ್ಲಿ ಬೀಳುವ ಬೈಗುಳ, ಎಲ್ಲವನ್ನೂ ಎಳೆಎಳೆಯಾಗಿ ಬಿಡಿಸುತ್ತಾನೆ. ಮೋಸ ಹೋಗುತ್ತಿರುವವರು ಕತೆಯೊಳಗಿನ ಶರಣರು, ಹೊರಗೆ ಕೂತವರಲ್ಲ. ಹೊರಗಿನವರಿಗೆ ಉಳಿಯುವುದು ಒಂದೇ ಇರುಸುಮುರುಸು: ಆ ಬಾಗಿಲಲ್ಲಿ ನಾನಿದ್ದಿದ್ದರೆ? ಗೊತ್ತಪ್ಪನಿದ್ದಿದ್ದರೆ ಮೂಗು ಮುಚ್ಚಿಕೊಂಡು ಮೊದಲು ಅಟ್ಟುತ್ತಿದ್ದವನೂ ಅವನೇ, ಗುಟ್ಟು ರಟ್ಟಾದ ಮೇಲೆ ಕಾಲಿಗೆ ಬಿದ್ದು 'ನಂಗ ಮೊದ್ಲೇ ಗೊತ್ತಿತ್ತು ಬುದ್ಧಿ' ಎನ್ನುತ್ತಿದ್ದವನೂ ಅವನೇ.

ಹಾಗಾದರೆ ಸುಳಿವು ಹಿಡಿಯುವ ಜಾಣ ಓದುಗನೇ ಇಲ್ಲವೇ ಎಂದು ಕೇಳಬಹುದು. ಇದ್ದಾನೆ. ಆದರೆ ಅವನು ಗುಟ್ಟು ಬಯಲಾಗುವ ಮೊದಲೇ ಬಾಯಿಬಿಟ್ಟು, ತಪ್ಪಾದರೆ ನಗೆಪಾಟಲಾಗಲು ತಯಾರಿರುತ್ತಾನೆ. ಅದು ಕತೆಗೆ ತೋರುವ ನಿಷ್ಠೆ. ಗೊತ್ತಪ್ಪನ ನಿಷ್ಠೆ ಸ್ನೇಪನಿಗೂ ಅಲ್ಲ, ಮಂಟೇಸ್ವಾಮಿಗೂ ಅಲ್ಲ, ತನ್ನ ಜಾಣತನಕ್ಕೆ. ಮಾದಪ್ಪನ, ಅಂದರೆ ಮಾದೇಶ್ವರನ, ಕಾವ್ಯವನ್ನೇ ನೋಡಿ: ಅದರ 'ಸಂಕಮ್ಮನ ಸಾಲು' ಎಂಬ ಭಾಗದಲ್ಲಿ ಕಾಡಿಗೆ ಹೊರಟ ಗಂಡ ನೀಲೇಗೌಡ ಹೆಂಡತಿಯಿಂದ ನಿಷ್ಠೆಯ ಭಾಷೆ ಕೇಳುತ್ತಾನೆ, ಸಂಕಮ್ಮ ಕೊಡುವುದಿಲ್ಲ. ಕೊಟ್ಟರೇನು ಗಂಟು ಹೋಗುತ್ತಿತ್ತು ಎಂದು ಕ್ಷಣಹೊತ್ತು ನಮ್ಮ ಅನುಮಾನವೂ ಅವಳ ಕಡೆಗೇ ಹೊರಳುತ್ತದೆ. ಗಂಡ ಅವಳಿಗೆ ಕೊಡುವ ಹಿಂಸೆ ಶುರುವಾದ ಮೇಲೆ, ನಂಬಿಕೆ ಇಲ್ಲದ್ದು ಯಾರಿಗೆ ಎಂಬುದು ಬಯಲಾಗುತ್ತದೆ. ಹಾಗೆ ಒಂದು ಗಳಿಗೆ ತಪ್ಪು ಕಡೆ ವಾಲದವನಿಗೆ ಆ ಸಾಲಿನ ಅರ್ಧ ಬಿಸಿ ತಟ್ಟುವುದೇ ಇಲ್ಲ. ಗೊತ್ತಪ್ಪನೂ ವಾಲಿರುತ್ತಾನೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ.

ಇನ್ನೊಂದು ಆಕ್ಷೇಪಕ್ಕೆ ಬೆಲೆ ಕೊಡಲೇಬೇಕು: ಇಂಥವರಿಲ್ಲದಿದ್ದರೆ ಕತೆಯ ಮಾತು ಟೀ ಆರುವ ಮುಂಚೆಯೇ ಆರಿಹೋಗುತ್ತದೆ. ನಿಜ. ಚಿಕ್ಕಲ್ಲೂರು ಜಾತ್ರೆಗೆ ಅವನು ಪ್ರತಿ ವರ್ಷ ಹೋಗುತ್ತಾನೆ, ಗೊತ್ತಿರುವ ಕತೆಗೇ ಬೆಳಗಿನ ತನಕ ಕೂರುತ್ತಾನೆ. ಇದು ಸಣ್ಣ ಭಕ್ತಿಯಲ್ಲ. ಆದರೂ ಅವನ ವಿದ್ಯೆ ಪರೀಕ್ಷಿಸುವ ಉಪಾಯವೊಂದಿದೆ. ಜಾರ್ಜ್ ಮಾರ್ಟಿನ್ ತನ್ನ ಸಿಂಹಾಸನದ ಕಾದಂಬರಿಮಾಲೆಯ ಐದನೆಯ ಸಂಪುಟವನ್ನು 2011ರಲ್ಲಿ ಕೊಟ್ಟವನು ಆರನೆಯದಕ್ಕೆ ಓದುಗರನ್ನು ವರ್ಷಗಟ್ಟಲೆ ಕಾಯಿಸಿದ್ದಾನೆ. ಅದರಲ್ಲಿ ಯಾರು ಯಾರಿಗೆ ದ್ರೋಹ ಬಗೆಯುತ್ತಾರೆ ಎಂದು ಜೀನ್ಸಿನ ಗೊತ್ತಪ್ಪನನ್ನು ಕೇಳಿ ನೋಡಿ. ಗ್ಲಾಸು ತಿರುಗಿಸುತ್ತಾ, ನಮ್ಮ ಮೇಲೆ ಬಹಳ ಕರುಣೆಯಿಂದ, 'ಈಗ್ಲೇ ಹೇಳ್ಬುಟ್ರ ನಿಮ್ಗ ಮಜಾ ಹೊಂಟೋಯ್ತದ ಕನ' ಎನ್ನುತ್ತಾನೆ.